ಫೂಟಿಗಿ ಎಷ್ಟು

ಪೇಪರಿನಾಗ ಬರದಾರ: "ಮೌಲ್ಯಗಳ ಕಟ್ಟಡ."
ನಮ್ಮ ಶಹಾಬಾದಿನಾಗ ಮೌಲ್ಯ ಅಂದ್ರ
ಫೂಟಿಗಿ ಎಷ್ಟು ಅನ್ನೋ ಮಾತು.
ಪಾಲೀಶ ಆದದ್ದಕ್ಕ ಒಂದು, ಆಗದ್ದಕ್ಕ ಒಂದು,
ಮೂಲಿ ಮುರದದ್ದು ರಸ್ತಾ ಬದಿಗಿ, ಪುಕ್ಕಟ.
ನಲವತ್ತು ವರ್ಷ ಪರಸಿ ಅಳದೀನಿ,
ಲಾಡ್ಲೇಸಾಬ ಮೇಸ್ತ್ರಿ ಅಂದ್ರ ಖಣಿ ತುಂಬ ಗೊತ್ತು.
ಈ ಮೌಲ್ಯ ಯಾವ ಲೆಕ್ಕದ್ದು, ನೀವೇ ಹೇಳ್ರಿ.

ವಿಜಯಮಾಲಾ ಅಷ್ಟಗಿ ಅಂತ ಆ ಬಾಯಿ.
ಸರಕಾರಿ ದವಾಖಾನಿ ಅಂಗಳದಾಗ
ಬಾಣಂತೇರ ಕಡಿ ಮಂದಿಗಿ
ಕಾಯಾಕ ಒಂದು ಪಡಸಾಲಿ ಕಟ್ಟಬೇಕಿತ್ತು.
ನಕಾಶಿ ತರ್ತಾಳ ಅಂದ್ಕೊಂಡಿದ್ದೆ. ಚಾದರ ತಂದ್ಲು.
ಮೂರು ರಾತ್ರಿ ಆ ಮಂದಿ ನಡುವೇ
ಬೇವಿನ ಗಿಡದ ಬುಡಕ್ಕ ಮಲಗಿದ್ಲು.
ಯಾರು ಯಾವ ದಿಕ್ಕಿಗಿ ತಲಿ ಮಾಡ್ತಾರ,
ಚಪ್ಪಲಿ ಎಲ್ಲಿ ಬಿಡ್ತಾರ, ಬುತ್ತಿ ಎಲ್ಲಿ ಬಿಚ್ಚತಾರ,
ಒಳಗಿಂದ ಹೆಸರು ಕೂಗಿದ್ರ ಯಾರು ಮೊದಲು ಏಳ್ತಾರ,
ಇಷ್ಟೇ ಬರಕೊಂಡ್ಲು,
ದವಾಖಾನಿ ಚೀಟಿ ಹಿಂದ.

ಕಟ್ಟಿ ಎತ್ತರ ಎಷ್ಟು ಇಡೋಣ ಅಂತ ಕೇಳ್ದೆ.
"ಗೊತ್ತಿಲ್ಲ ಮೇಸ್ತ್ರಿ" ಅಂದ್ಲು.
ಅಷ್ಟು ಓದಿದೋರು ಗೊತ್ತಿಲ್ಲ ಅಂದದ್ದು
ನಾ ಕೇಳಿದ್ದು ಅದೇ ಮೊದಲು.
ತಾಂಡಾದ ಸೋನಿಬಾಯಿ, ತುಂಬಿದ ಬಸರಿ,
ಆಕಿನ್ನ ಪರಸಿ ಒಟ್ಟಿನ ಮ್ಯಾಲ ಕುಂದ್ರಿಸಿ
ಏಳವ್ವ ಅಂದ್ವಿ. ಕೈ ಕೊಡಬೇಕಾತು.
ಇನ್ನೊಂದು ಕಲ್ಲು ಹಾಕಿದ್ವಿ. ಮತ್ತೊಂದು.
ಯಾರ ಕೈನೂ ಹಿಡೀದೆ ಸೋನಿಬಾಯಿ ಎದ್ದು ನಿಂತಾಗ
ಎಣಿಸಿದೆ: ಹನ್ನೊಂದು.
ಟೇಪು ಕಿಸೆದಾಗೇ ಇತ್ತು.

ಪಡುವಲ ಗ್ವಾಡಿ ನಾ ಕಟ್ಟಿದ್ದು.
ಒಂದು ಬೆರಳು ವಾಲಿತ್ತು.
ಗಿಲಾವಿನಾಗ ಮುಚ್ಚಿ ಹೋಗ್ತದ ಅಂದೆ.
"ಇದಕ್ಕ ಗಿಲಾವಿಲ್ಲ" ಅಂದ್ಲು, ಸಣ್ಣ ದನಿಲಿ.
ಕೆಡವಿದೆ. ಸಿಟ್ಟು ಬಂದಿತ್ತು, ಸುಳ್ಳ್ಯಾಕ ಹೇಳ್ಲಿ,
ಆಕಿ ತರಸಿದ ಚಹಾ ಮುಟ್ಟಲಿಲ್ಲ ಅವತ್ತಿಂದ.
ಮತ್ತ ಕಟ್ಟಾಕ ಆಕಿ ಆರಿಸಿದ್ದು
ಮೂಲಿ ಮುರದದ್ದು, ರಸ್ತಾ ಬದಿದು.
ನಾ ಬಿಸಾಕಿದ್ದೇ ನನ್ನ ಕೈಗಿ ಬಂತು.

ಇನ್ನ ಆ ಕಿಡಿಕಿ,
ಪ್ರಶಸ್ತಿ ಕೊಡೋ ಮಂದಿ ಬಾಯಿತುಂಬ ಹೊಗಳಿದ್ರಲ್ಲ, ಅದು.
ಅರ್ಧ ಖಾಲಿ, ಅರ್ಧಕ್ಕ ಕಲ್ಲಿನ ಸೀಳು ನಿಲ್ಲಿಸಿದ್ದು,
ನೆಲದ ಮ್ಯಾಲ ಬೆಳಕಿನ ಪಟ್ಟಿ ಪಟ್ಟಿ.
"ಬೆಳಕಿನ ಕವಿತಾ" ಅಂತ ಒಬ್ಬಾಂವ ಬರಕೊಂಡ.
ಮೊದಲು ಅದು ಪೂರಾ ತೆರದಿತ್ತು.
ರಾತ್ರಿಯೆಲ್ಲ ಕುಂತು, ನಸಿಕಿನಾಗ ಕಣ್ಣು ಹತ್ತಿದೋರ
ಮಾರಿ ಮ್ಯಾಲ ಬಿಸಲು ಬಡೀತಿತ್ತು.
ಮುದುಕಿಯೊಬ್ಬಾಕಿ ಸೆರಗು ಕಣ್ಣಿಗಿ ಎಳಕೊಂಡದ್ದು
ಬಾಯಿ ನೋಡಿದ್ಲು.
ಕೆಲಸ ಮುಗದು ಆರು ತಿಂಗಳಾಗಿತ್ತು, ಬಿಲ್ಲು ಪಾಸಾಗಿತ್ತು.
ತನ್ನ ರೊಕ್ಕದಾಗ ನನ್ನ ಕರಸಿದ್ಲು.
"ಗ್ವಾಡಿ ನಿಮ್ಮ ತಪ್ಪು, ಕಿಡಿಕಿ ನಂದು."
ಅವತ್ತು ಚಹಾ ಕುಡದೆ.

ದಿಲ್ಲಿ ವೇದಿಕಿ ಮ್ಯಾಲ ಇದನ್ನೇ ಹೇಳಿದಳಂತ.
ವಿನಯ ಅಂದ್ಕೊಂಡು ಮಂದಿ ಚಪ್ಪಾಳಿ ಹೊಡದ್ರಂತ.
ಫಲಕ ಎಲ್ಲಿ ಹಚ್ಚಲಿ ಅಂತ ಕೇಳಿದ್ರ
ಗ್ವಾಡಿಗಿ ಮೊಳಿ ಬ್ಯಾಡ ಅಂದ್ಲು.
ವಾಚಮನ್ ಖೋಲಿನಾಗ,
ಕೀಲಿಕೈ ಗೊಂಚಲ ಬಾಜೂಕ ಅದ ಈಗ.

ನಿನ್ನಿ ನಸಿಕಿನಾಗ ಹೋಗಿದ್ದೆ,
ಛತ್ತ ಸೋರ್ತದೇನು ನೋಡಾಕ.
ಕಾಳಗಿ ಕಡಿ ಹುಡಗ ಒಬ್ಬ
ಕಟ್ಟಿಗಿ ಬೆನ್ನು ಹಚ್ಚಿ, ಬಾಯಿ ತೆರಕೊಂಡು ಮಲಗಿದ್ದ.
ಬಿಸಲು ನೆಲ ಹಿಡಕೊಂಡು ಬಂತು,
ಅವನ ಅಂಗಾಲ ತನಕ ಬಂತು,
ಅಲ್ಲೇ ನಿಂತುಕೊಂತು.
ಅವನ್ನ ಎಬ್ಬಿಸಿದ್ದು ಬಿಸಲಲ್ಲ.
ನರ್ಸ್ ಬಾಯಿ ದನಿ:
ಏಳಪ್ಪ, ಹೆಣ್ಣು ಕೂಸು.